ಮಹೇಂದ್ರ ಸಹಿ ಹಾಕಿದ ಷರತ್ತು

ಚಿಕ್ಕಬಾಣಾವರದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಹೇಂದ್ರನ ಕಾರ್ಖಾನೆಗೆ ಹಣ ಬೇಕಾಗಿತ್ತು. ಕಲ್ಲಿದ್ದಲು ಸುಡುವವರಿಂದ ಇನ್ನು ಬಟ್ಟೆ ಕೊಳ್ಳುವುದಿಲ್ಲವೆಂದು ಹೊರದೇಶದ ಗಿರಾಕಿಗಳು ಹೇಳಿಬಿಟ್ಟಿದ್ದರು. ಹಳೆಯ ಬಾಯ್ಲರ್ ತೆಗೆದು ವಿದ್ಯುತ್ತಿನದು ಹಾಕುತ್ತೇನೆಂದು ಅವನು ಬಾಂಡ್ ಮೂಲಕ ಸಾಲ ಎತ್ತಲು ಹೊರಟ. ಆ ಬಾಂಡ್ ಕೊಂಡು ಸಾಲ ಕೊಡಬೇಕೋ ಬೇಡವೋ ಎಂದು ನೋಡುವ ಕೆಲಸ ಹೆಬ್ಬಾಳದ ಒಂದು ಹೂಡಿಕೆ ಕಂಪನಿಯಲ್ಲಿದ್ದ ಶಿವಾನಿಯ ಪಾಲಿಗೆ ಬಂತು.

ಹಿಂದೆ ಅವಳ ಅಪ್ಪ ಸಿದ್ದಲಿಂಗ ಬಾಗಲಕೋಟೆ ಕಡೆಯಿಂದ ಬಂದು ಅದೇ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಿದ್ದ. ಎದೆ ಕೆಟ್ಟು ಕೆಮ್ಮು ಹತ್ತಿದಾಗ, "ನಿನ್ ಕೆಮ್ಮು ಕೇಳಿದ್ರೆ ಬಂದೋರು ಏನಂದ್ಕೋತಾರೆ? ನಾಳೆಯಿಂದ ಬರ್ಬೇಡ" ಎಂದು ಮಹೇಂದ್ರ ಗೇಟಿನ ಹೊರಗೆ ನಿಲ್ಲಿಸಿದ್ದ. ಆ ಮಳೆಗಾಲ ಮುಗಿಯುವ ಮೊದಲೇ ಸಿದ್ದಲಿಂಗ ತೀರಿಕೊಂಡ. ಇದನ್ನು ಶಿವಾನಿ ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ.

"ಈ ಮನುಷ್ಯನ್ನ ನಂಬೋಕಾಗಲ್ಲ. ಬೇಡ ಅಂತ ಬರೆದ್ಬಿಡಿ" ಎಂದ ಮೇಲಧಿಕಾರಿ ವಿಶ್ವನಾಥ.

"ಬೇಡ ಅಂದ್ರೆ ಇನ್ನೊಬ್ಬರ ಹತ್ರ ಹೋಗ್ತಾನೆ ಸಾರ್. ಕೊಡೋಣ, ಆದ್ರೆ ಕಟ್ಟಿಹಾಕಿ ಕೊಡೋಣ" ಎಂದಳು ಶಿವಾನಿ.

ಷರತ್ತುಗಳನ್ನು ಅವಳೇ ಬರೆದಳು. ಒಂದು ವರ್ಷದೊಳಗೆ ಕಲ್ಲಿದ್ದಲು ನಿಲ್ಲದಿದ್ದರೆ ಬಡ್ಡಿ ಏರುತ್ತದೆ. ನಿಂತಿದೆಯೆಂದು ಸುಳ್ಳು ಹೇಳಿದರೆ ಅವನು ಸಾಲಕ್ಕೆ ಅಡವಿಟ್ಟ ಕಾರ್ಖಾನೆಯ ಷೇರುಗಳು ಸಾಲ ಕೊಟ್ಟವರ ಕೈಗೆ ಬರುತ್ತವೆ, ಮಾಲೀಕ ಕುರ್ಚಿ ಬಿಡಬೇಕು. ಮಹೇಂದ್ರ ಓದಿದ, ನಕ್ಕ. "ಇದೆಲ್ಲಾ ಫಾರ್ಮಾಲಿಟಿ ಅಲ್ವಾ ಮೇಡಂ?" ಎನ್ನುತ್ತಾ ಸಹಿ ಹಾಕಿದ. ಅವಳೂ ನಕ್ಕಳು. ಅವನು ಮಾತು ಉಳಿಸಿಕೊಳ್ಳದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಅವನು ಅವಳ ಆಸೆ ಹುಸಿ ಮಾಡಲಿಲ್ಲ. ಹಣದ ದೊಡ್ಡ ಪಾಲು ಯಲಹಂಕದ ಅಪಾರ್ಟ್‌ಮೆಂಟ್‌ ಕಟ್ಟಲು ಹೋಯಿತು. ವರ್ಷ ಮುಗಿದಾಗ ಕಲ್ಲಿದ್ದಲು ಪೂರ್ತಿ ನಿಂತಿದೆಯೆಂದು ಅವನಿಂದ ವರದಿ ಬಂತು. ಮರುದಿನ ಬೆಳಿಗ್ಗೆಯೇ ಶಿವಾನಿ ತಪಾಸಣೆಯವರನ್ನು ಕರೆದುಕೊಂಡು, ಮುನ್ಸೂಚನೆ ಕೊಡದೆ ಕಾರ್ಖಾನೆಗೆ ಹೋದಳು.

ಹೊಸ ವಿದ್ಯುತ್ ಬಾಯ್ಲರ್‌ಗೆ ಹೂವಿನ ಹಾರ ಹಾಕಿತ್ತು. ಮುಟ್ಟಿದರೆ ತಣ್ಣಗಿತ್ತು. ಮೇಲೆ ಚಿಮಣಿ ಕಪ್ಪಗೆ ಹೊಗೆಯುಗುಳುತ್ತಿತ್ತು.

"ಅದು ಸುಮ್ನೆ ಟೆಸ್ಟಿಂಗು" ಎಂದ ಮಹೇಂದ್ರ. "ಹಿಂದಿನ ಶೆಡ್ಡಿನ ಕೀ ನನ್ ಹತ್ರ ಇಲ್ಲ."

ಅಲ್ಲೇ ನಿಂತಿದ್ದ ಕಾರ್ಖಾನೆಯ ಹಳೆಯ ಕೆಲಸಗಾರ, ಮುದುಕ ಮೆಹಬೂಬ್ ಪಾಷಾ ಸೊಂಟದಿಂದ ಕೀಲಿ ತೆಗೆದು ಶೆಡ್ಡಿನ ಬಾಗಿಲು ಹಾರುಹೊಡೆದ. ಒಳಗೆ ಬೆಂಕಿ ಧಗಧಗಿಸುತ್ತಿತ್ತು, ಇಬ್ಬರು ಕಲ್ಲಿದ್ದಲು ಎತ್ತಿಹಾಕುತ್ತಿದ್ದರು. ಪಾಷಾ ಅವಳ ಕಡೆ ತಿರುಗಿ, "ನೀನು ಸಿದ್ದಲಿಂಗಣ್ಣನ ಮಗಳಲ್ವೇನಮ್ಮಾ? ಅವನದೇ ಮುಖ" ಎಂದ.

ಮಹೇಂದ್ರ ಅವಳನ್ನು ಆಗಲೇ ಸರಿಯಾಗಿ ನೋಡಿದ್ದು. "ಯಾವ ಸಿದ್ದಲಿಂಗ?"

"ನೆನಪು ಮಾಡ್ಕೊಳ್ಳಿ" ಎಂದಳು ಶಿವಾನಿ. "ಇನ್ಮೇಲೆ ನಿಮಗೆ ಬೇಕಾದಷ್ಟು ಪುರುಸೊತ್ತಿರುತ್ತೆ."

ಮಹೇಂದ್ರ ವಕೀಲರನ್ನು ಹಿಡಿದ, ದೊಡ್ಡವರಿಂದ ಫೋನು ಮಾಡಿಸಿದ. ಕೊನೆಗೆ ಅವಳ ಕಚೇರಿಯ ಮೆಟ್ಟಿಲ ಬಳಿ ಕಾದು ನಿಂತು, "ಒಂದ್ ಚಾನ್ಸ್ ಕೊಡಿ ಮೇಡಂ, ಕೈ ಮುಗೀತೀನಿ" ಎಂದು ಗೋಗರೆದ. ಅವಳು ನಿಂತು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಲಿಫ್ಟ್ ಹತ್ತಿದಳು. ಷೇರುಗಳು ಕೈಬದಲಾದವು. ಹೊಸ ಆಡಳಿತ ಬಂದು ಕೆಲಸಗಾರರನ್ನೆಲ್ಲ ಉಳಿಸಿಕೊಂಡಿತು, ಹಳೆಯ ಬಾಯ್ಲರನ್ನು ಗುಜರಿಗೆ ಹಾಕಿತು.

ಮತ್ತಿಕೆರೆಯ ಬಾಡಿಗೆ ಮನೆಯಲ್ಲಿ ಅವ್ವ ಚಂದ್ರವ್ವ ಎಲ್ಲವನ್ನೂ ಮತ್ತೆ ಮತ್ತೆ ಹೇಳಿಸಿಕೊಂಡಳು. "ಕೈ ಮುಗದಾಗ ಅವನ ಮಾರಿ ಹೆಂಗಾಗಿತ್ತ, ಅದನ್ನ ಹೇಳು" ಎನ್ನುತ್ತಿದ್ದಳು. ಚಿಮಣಿ ಕೆಡವುವ ದಿನ ತಾನೂ ಬರುತ್ತೇನೆಂದು ಹಟ ಹಿಡಿದಳು.

ಇಬ್ಬರೂ ಆಟೋದಲ್ಲಿ ಹೋಗಿ ರಸ್ತೆಯಾಚೆ ನಿಂತರು. ಚಿಮಣಿಯ ಮೇಲಿನ ತುಂಡು ಕ್ರೇನಿನಿಂದ ಜೋತಾಡುತ್ತಾ ಕೆಳಗಿಳಿಯಿತು. ಬಿಸಿಲು ಏರಿತ್ತು.

"ನೋಡಿದ್ಯಲ್ಲ ಯವ್ವಾ, ಹೋಗೋಣು?" ಎಂದಳು ಶಿವಾನಿ.

ಚಂದ್ರವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಬುಡಾನೂ ಕೀಳಲಿ. ನಿಂದ್ರು."