ಕೆಳಗಿನಿಂದ ಒಂದು

ಕಾಲುವೆಯ ಕೊನೆಭಾಗದ ನಲವತ್ತೊಂದು ಹೊಲಗಳ ನೀರಿನ ಪಾಳಿಪಟ್ಟಿ ಸೋಮವಾರ ಮಧ್ಯಾಹ್ನ ನೀರು ಬಳಕೆದಾರರ ಸಂಘದ ಕಂಪ್ಯೂಟರಿನಿಂದ ಅಳಿಸಿಹೋಯಿತು. ಕಾಗದದ ಮೇಲೆ ಅದರ ಪ್ರತಿ ಇರಲಿಲ್ಲ. ಬಟನ್ ಒತ್ತಿದವಳು ಸಂಘದ ಕೆಲಸ ನೋಡಿಕೊಳ್ಳುವ ಲಾಲಮ್ಮ.

ಕಾಗದ ಬೇಡ, ಎಲ್ಲ ಕಂಪ್ಯೂಟರಿನಲ್ಲೇ ಇರಲಿ ಎಂದಿದ್ದು ಯಾದಗಿರಿಯ ಮೇಲಿನ ಕಚೇರಿ. ಹಳೇ ಆಪರೇಟಿಂಗ್ ಸಿಸ್ಟಮ್ ಇನ್ನು ನಡೆಯದು, ಬುಧವಾರದೊಳಗೆ ಹೊಸದು ಹಾಕಿಕೊಳ್ಳಿ ಎಂದಿದ್ದೂ ಅದೇ ಕಚೇರಿ. ಹಾಕಿಕೊಡಲು ಮನುಷ್ಯ ಬರಲಿಲ್ಲ; ಶಹಾಪುರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಪೆನ್‌ಡ್ರೈವ್ ಬಂತು.

ಚುಚ್ಚಿದ ಕೂಡಲೇ ಪರದೆ ನಮಸ್ಕಾರ ಹೇಳಿತು. ಯಾವ ಭಾಷೆ ಎಂದು ಕೇಳಿತು. ಲಾಲಮ್ಮ ಕನ್ನಡ ಆರಿಸಿದಳು. ಮುಂದಿನ ಪುಟ ಇಂಗ್ಲಿಷಿನಲ್ಲೇ ತೆರೆಯಿತು. ಕೀಲಿಮಣೆ ಯಾವ ದೇಶದ್ದು ಎಂದು ಎರಡು ಸಲ ಕೇಳಿತು. ಇಂಟರ್ನೆಟ್ ಇಲ್ಲದೆ ಮುಂದೆ ಹೆಜ್ಜೆ ಇಡುವುದಿಲ್ಲ ಎಂದು ಹಟ ಹಿಡಿಯಿತು. ಕಾಲುವೆಯ ಗೇಟು ಕಾಯುವ ಅಯ್ಯಣ್ಣ ಮೊಬೈಲ್ ಎತ್ತಿ ಹಿಡಿದು ಕಿಟಕಿಯಲ್ಲಿ ಮುಕ್ಕಾಲು ಗಂಟೆ ನಿಂತ. ಆಮೇಲೆ ಮೂವತ್ತನಾಲ್ಕು ಪುಟದ ಕರಾರು. ಓದಲು ಬೆರಳಗಲದ ಕಿಂಡಿ, ‘ಒಪ್ಪಿದ್ದೇನೆ’ ಎನ್ನಲು ಅಂಗೈಯಗಲದ ನೀಲಿ ಬಟನ್. ಒಪ್ಪುವುದಿಲ್ಲ ಎನ್ನಲು ಜಾಗವೇ ಇರಲಿಲ್ಲ.

“ಇದನ್ನ ಮಾಡಿದಾವ ಒಂದು ಸಲನಾದ್ರೂ ತಾನ ಹಾಕಿ ನೋಡ್ಯಾನೇನ ಯಕ್ಕಾ?” ಅಯ್ಯಣ್ಣ ತೋಳು ನೀವಿಕೊಂಡ.

“ನೋಡಿದ್ರ ನಾಚಿಗೊಂಡು ಮನಿ ಬಿಟ್ಟು ಹೊರಗ ಬರ್ತಿರಲಿಲ್ಲ ಬಿಡು.”

ಕೊನೆಗೆ ನಾಲ್ಕು ಸಾಲು ಬಂದವು. ಯಾವುದನ್ನು ಒರೆಸಿ ಹೊಸದನ್ನು ಹಾಕಲಿ ಎಂಬುದು ಪ್ರಶ್ನೆ. ಪಾಳಿಪಟ್ಟಿಯನ್ನು ಅವಳು ಹನ್ನೊಂದು ವರ್ಷದಿಂದ ಡಿ ಡ್ರೈವಿನಲ್ಲಿ ಇಟ್ಟಿದ್ದಳು. ಪರದೆಯ ಮೇಲೆ ಸಿ ಇಲ್ಲ, ಡಿ ಇಲ್ಲ, ಹೆಸರಿಲ್ಲ, ನಂಬರಿಲ್ಲ, ಬರೀ ಅಳತೆ. ಯಾದಗಿರಿಗೆ ಫೋನ್ ಹಚ್ಚಿದಳು.

“ಒಂದನೇದು ಒರಿಸ್ರಿ, ಮುಂದ ಮುಂದ ಒತ್ಕೋತ ಹೋಗ್ರಿ. ಏನೂ ಓದಬ್ಯಾಡ್ರಿ,” ಎಂದು ಅಲ್ಲಿಯವನು ಫೋನ್ ಇಟ್ಟ.

ಈ ಸಂಘದಲ್ಲಿ ಒಂದು ಎಂದರೆ ಕೆಳಗಿನದು. ಮೇಲಿನ ಹೊಲದವರೇ ನೀರೆಲ್ಲ ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ ಕೊನೆಭಾಗದ ಹೆಂಗಸರು ಗೇಟಿನ ಮೇಲೆ ಮೂರು ದಿನ ಕೂತು ಗೆದ್ದ ನಿಯಮ ಅದು: ಪಾಳಿ ಕೊನೆಯ ಹೊಲದಿಂದ ಶುರು, ಪಟ್ಟಿಯ ಎಣಿಕೆ ಕೆಳಗಿನಿಂದ ಮೇಲಕ್ಕೆ. ಕಪಾಟಿನ ಅರೆಗಳನ್ನೂ ಲಾಲಮ್ಮ ಕೆಳಗಿನಿಂದಲೇ ಎಣಿಸುತ್ತಿದ್ದಳು. ಕೆಳಗಿನ ಸಾಲನ್ನು ಒತ್ತಿದಳು. ಅದೇ ಡಿ.

ಕೀಲಿಮಣೆಯ ದೇಶವನ್ನು ಎರಡು ಸಲ ಕೇಳಿದ ಯಂತ್ರ ಇದನ್ನು ಒಂದು ಸಲವೂ ಕೇಳಲಿಲ್ಲ. ಒರೆಸಿತು. ಎಲ್ಲ ಸಿದ್ಧವಾಗಿದೆ, ಆನಂದಿಸಿ ಎಂದು ತುಂಬಿದ ಕೆರೆಯೊಂದರ ಚಿತ್ರ ತೋರಿಸಿತು.

ಕೊನೆಯ ಹೊಲದ ಭೀಮವ್ವ ಮರುದಿನ ಬೆಳಿಗ್ಗೆ ತನ್ನ ಪಾಳಿ ಕೇಳಲು ಬಂದಳು. ನಡೆದದ್ದನ್ನೆಲ್ಲ ಕೇಳಿ ಪರದೆಯನ್ನೇ ನೋಡಿದಳು.

“ನೀರು ಅದರಾಗ ಭಾಳ ಐತಲ್ಲವಾ. ಮೆಣಸಿನ ಗಿಡ ಕಿತ್ತು ತಂದು ಅಲ್ಲೇ ಹಚ್ಚಲೇನು?”

ಅಷ್ಟರಲ್ಲಿ ಸಂಘದ ಅಧ್ಯಕ್ಷ ಪರಮಣ್ಣ ಒಳಗೆ ಬಂದ. ಕಾಲುವೆಯ ಬಾಯಲ್ಲೇ, ಎಲ್ಲರಿಗಿಂತ ಮೇಲೆ, ಅವನ ಹೊಲ. ಕೈಯಲ್ಲೊಂದು ಹಾಳೆ.

“ಆದದ್ದಾತು ತಂಗಿ. ಹೊಸ ಪಟ್ಟಿ ತಂದೀನಿ, ಟೈಪ್ ಮಾಡು.”

ಪಟ್ಟಿ ಮೇಲಿನಿಂದ ಕೆಳಕ್ಕಿತ್ತು. ಒಂದನೆಯ ಹೊಲ ಪರಮಣ್ಣನದು. ಕೊನೆಭಾಗದ ನಲವತ್ತೊಂದು ಹೊಲಗಳು ತಳಕ್ಕೆ, ‘ನೀರು ಉಳಿದರೆ’ ಎಂಬ ಮಾತಿನೊಂದಿಗೆ. ಅಡಿಯಲ್ಲಿ ‘ಹಳೇ ದಾಖಲೆಯ ಪ್ರಕಾರ’ ಎಂದು ಬರೆದಿತ್ತು.

“ಹಳೇದು ಹಿಂಗ ಇರಲಿಲ್ರಿ ಅಧ್ಯಕ್ಷರ.”

“ಹೆಂಗಿತ್ತು ತೋರಿಸು ನೋಡೋಣ. ಒರಿಸಿದಾಕಿ ನೀನ. ನಾ ಮ್ಯಾಲಿನ ಕಚೇರಿಗೆ ಬರದ್ರ ನಿನ್ನ ನೌಕರಿ ಉಳಿತೈತೇನು? ಓದಕೋತ ಕೂಡಬ್ಯಾಡ. ಟೈಪ್ ಮಾಡು, ಸಹಿ ಹಾಕು, ಮುಂದಿಂದು ನೋಡು.”

ಲಾಲಮ್ಮ ಅವನ ಮುಖ ನೋಡಿದಳು. ನಿನ್ನೆಯ ನೀಲಿ ಬಟನ್ ಬಿಳಿ ಅಂಗಿ ತೊಟ್ಟು ಎದುರಿಗೆ ಬಂದು ಕೂತಂತಿತ್ತು. ಹಾಳೆಯನ್ನು ಅವನ ಕಡೆಗೆ ಸರಿಸಿದಳು.

“ಓದದನ ಒಂದು ಸಲ ಒತ್ತೀನ್ರಿ, ನಲವತ್ತೊಂದು ಹೊಲ ಹೋದ್ವು. ಹೌದು, ಒರಿಸಿದಾಕಿ ನಾನ. ಹಂಗಂತ ಈಗ ಬರಕೊಡ್ತೀನಿ, ಒಯ್ರಿ. ಇದನ್ನ ಮಾತ್ರ ಟೈಪ್ ಮಾಡಂಗಿಲ್ಲ.”

“ಮಾಡು ಅಂದೆ.”

ಲಾಲಮ್ಮ ಗೋಡೆಯತ್ತ ಬಗ್ಗಿ ಕಂಪ್ಯೂಟರಿನ ಪ್ಲಗ್ ಕಿತ್ತಳು. ತುಂಬಿದ ಕೆರೆ ಕಪ್ಪಾಯಿತು.

“ಮಾಡಂಗಿಲ್ರಿ.”