ಹೊಸ ಬಟ್ಟೆಗೆ ಕತ್ತರಿ

ಚಿಂದಿ ಚೀಲದಲ್ಲಿ ಕೈಯಾಡಿಸುತ್ತಿದ್ದ ತಂಗಿಗೆ ನೀಲಿ ಬಟ್ಟೆಯ ತುಂಡೊಂದು ಸಿಕ್ಕಿತು. ಅದರ ಮೇಲಿನ ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ. ಹೊಸ ಬಟ್ಟೆ, ಈಚೆಗೆ ಕತ್ತರಿಸಿದ್ದು. ಅವಳು ಅಕ್ಕನ ಕಡೆ ಓರೆಗಣ್ಣಿಂದ ನೋಡಿ ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಅಕ್ಕತಂಗಿಯರ ಆ ಹೊಲಿಗೆ ಅಂಗಡಿಗೆ ಒಂದು ಕಟ್ಟುಪಾಡಿತ್ತು. ಬುಧ ವಕ್ರನಾದರೆ ಹೊಸ ಬಟ್ಟೆಗೆ ಕತ್ತರಿ ಹಾಕುವಂತಿಲ್ಲ. ಹಳೆಯದನ್ನು ಬಿಚ್ಚಬಹುದು, ಬಿಗಿಯಾದದ್ದನ್ನು ಸಡಿಲಿಸಬಹುದು, ಅಷ್ಟೆ. ಅಕ್ಕನ ಹೊಲಿಗೆ ಬೇಕಾದವರು ಅಕ್ಕನ ಗ್ರಹಗಳನ್ನೂ ಸಹಿಸಿಕೊಳ್ಳುತ್ತಿದ್ದರು. "ವಕ್ರ ಅಂದ್ರೆ ಕೆಟ್ಟದ್ದಲ್ಲ," ಎಂದು ಅವಳು ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಗಿರಾಕಿಗಳಿಗೆ ಹೇಳುತ್ತಿದ್ದಳು. "ಗ್ರಹ ನಿಂತು, ಬಂದ ದಾರೀನ ಇನ್ನೊಂದ್ಸಲ ನೋಡುತ್ತೆ. ಆಗ ನಾವೂ ಹಳೇದನ್ನ ಸರಿ ಮಾಡ್ಕೋಬೇಕು. ಹೊಸದಕ್ಕೆ ಹೂಂ ಅನ್ನಬಾರದು."

ತಂಗಿ ಹೂಂ ಅನ್ನಬೇಕಾಗಿದ್ದದ್ದು ರೈಲು ಓಡಿಸುವವನಿಗೆ. ಮದುವೆಯ ಮಾತೆತ್ತಿದಾಗ ಅವನು ತನ್ನ ಕೋಟಿಗೆಂದು ಬೂದು ಬಟ್ಟೆ ತಂದುಕೊಟ್ಟಿದ್ದ. ಆಗ ಬುಧ ವಕ್ರ ಎಂದಳು ಅಕ್ಕ. ಬುಧ ನೆಟ್ಟಗಾದರೆ ಶುಕ್ರ, ಶುಕ್ರನಾದ ಮೇಲೆ ಶನಿ, ಈಗ ಮತ್ತೆ ಬುಧ. ಸೂರ್ಯ ಚಂದ್ರರಿಗೆ ವಕ್ರವಿಲ್ಲದ್ದು ಅವರ ಪುಣ್ಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಕ್ಕ ಆಕಾಶವೇ ಡೊಂಕು ಅನ್ನುತ್ತಿದ್ದಾಳೆಯೇ ಎಂಬ ಗುಮಾನಿ ತಂಗಿಗೆ. ಗ್ರಹಗಳ ಲೆಕ್ಕ ಗೊತ್ತಿದ್ದವಳು ಅಕ್ಕನೊಬ್ಬಳೇ.

ನಿನ್ನೆ ಅವನು ಬಂದು ಬಾಗಿಲಲ್ಲೇ ನಿಂತಿದ್ದ. ದೂರದ ಊರಿಗೆ ವರ್ಗವಾಗಿತ್ತು. "ನನ್ನ ಗಾಡಿ ಪಕ್ಕದ ಗಾಡೀನ ದಾಟುವಾಗ ಅದು ಹಿಂದಕ್ಕೆ ಹೋದ ಹಾಗೆ ಕಾಣುತ್ತೆ. ನಿಜವಾಗಿ ಅದೂ ಮುಂದಕ್ಕೇ ಹೋಗ್ತಿರುತ್ತೆ. ನಿಮ್ಮ ಗ್ರಹಗಳದ್ದೂ ಅದೇ ಕಥೆ," ಎಂದ. ಆಮೇಲೆ ದನಿ ತಗ್ಗಿಸಿ ತಂಗಿಗೆ ಹೇಳಿದ: "ನಾಳೆ ಸಂಜೆ ಹೊರಡ್ತೀನಿ. ಅಷ್ಟರಲ್ಲಿ ಆ ಬಟ್ಟೆಗೆ ಕತ್ತರಿ ಬಿದ್ದಿದ್ರೆ ನೀವು ಬರ್ತೀರಿ ಅಂದ್ಕೋತೀನಿ. ಇಲ್ಲದಿದ್ರೆ ವಾಪಸ್ ಕೊಟ್ಟುಬಿಡಿ."

ಇಂದು ಅಕ್ಕ ನೂಲು ತರಲು ಹೋದದ್ದೇ ತಡ, ತಂಗಿ ಅಂಗಡಿಯನ್ನೆಲ್ಲ ಜಾಲಾಡಿದಳು. ಹಳೆಯ ಪರದೆಗಳ ಗಂಟಿನೊಳಗೆ ನೀಲಿ ನಿಲುವಂಗಿ ಸಿಕ್ಕಿತು. ಎಡಭುಜದ ಒಳಗೆ ಹತ್ತಿಯ ತೆಳು ಪದರವಿತ್ತು. ಎಡಭುಜ ತುಸು ಇಳಿದಿದ್ದದ್ದು ತಂಗಿಗೇ; ಅಂಗಿ ಅವಳದೇ ಅಳತೆಯದು. ಅಂಚುಗಳನ್ನು ಬೆಳಕಿಗೆ ಹಿಡಿದಳು. ಒಂದು ಹೊಲಿಗೆಯ ಪಕ್ಕದಲ್ಲಿ ಸೂಜಿ ಚುಚ್ಚಿದ ಎಷ್ಟೋ ಸಾಲುಗಳು. ಹೊಲಿದು ಬಿಚ್ಚಿ, ಮತ್ತೆ ಹೊಲಿದು ಬಿಚ್ಚಿದ್ದು. ಅಕ್ಕ ಯಾವ ಹೊಲಿಗೆಯನ್ನೂ ಎರಡನೇ ಸಲ ಹಾಕಿದವಳಲ್ಲ.

ಅಕ್ಕ ಒಳಗೆ ಬಂದವಳು ನಿಲುವಂಗಿ ನೋಡಿ ನಿಂತಳು.

"ಬುಧ ವಕ್ರ ಇದಾನಾ, ಇಲ್ವಾ? ನಿಜ ಹೇಳಕ್ಕ."

"ಇದ್ದ," ಅಕ್ಕ ನೂಲಿನ ಉಂಡೆಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. "ಹೋದ ವಾರ ನೆಟ್ಟಗಾದ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ಇದನ್ನ ಮುಗಿಸಿ, ಕೈಗೆ ಕೊಟ್ಟು ಹೇಳೋಣ ಅಂತಿದ್ದೆ. ಮುಗೀತಾ ಬಂದ ಹಾಗೆ ನೀನು ಹೋಗಿಬಿಡ್ತೀಯಲ್ಲ ಅನ್ನಿಸೋದು. ಬಿಚ್ಚಿಬಿಡ್ತಿದ್ದೆ."

ತಂಗಿಗೆ ಸಿಟ್ಟು ಬಂತು. ಅಕ್ಕನನ್ನು ನೋಡಿ ಅಯ್ಯೋ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ಅಗಲದ ಬಟ್ಟೆ ಒಬ್ಬಳೇ ಹೇಗೆ ಕತ್ತರಿಸಿದೆ? ಆ ತುದಿ ಹಿಡಿಯೋಳು ನಾನಲ್ವಾ?"

"ಆ ತುದಿ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಕೊಂಡೆ. ಆಗುತ್ತೆ."

ತಂಗಿ ನಿಲುವಂಗಿಯನ್ನು ಮಡಿಸಿ ಬದಿಗಿಟ್ಟಳು. ಬೂದು ಬಟ್ಟೆಯನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲೆ ಹಾಸಿ ಗೆರೆ ಎಳೆದಳು. ಅಕ್ಕನ ದೊಡ್ಡ ಕತ್ತರಿಯನ್ನು ಕೇಳದೆಯೇ ಎತ್ತಿಕೊಂಡಳು. ಅದು ಅವಳೆಣಿಸಿದ್ದಕ್ಕಿಂತ ಭಾರವಾಗಿತ್ತು.

ಅಕ್ಕ ಮೇಜು ಬಳಸಿ ಆಚೆ ಬದಿಗೆ, ತಂಗಿ ದಿನವೂ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ, ಬಟ್ಟೆಯ ಮೇಲೆ ಎರಡೂ ಅಂಗೈ ಊರಿದಳು.

"ನಡುವೆ ನಿಲ್ಲಿಸಬೇಡ," ಎಂದಳು. "ನಿಲ್ಲಿಸಿದ್ರೆ ಅಂಚು ಹಲ್ಲು ಹಲ್ಲಾಗುತ್ತೆ."

ಕತ್ತರಿ ಹತ್ತಿರ ಬಂದಂತೆಲ್ಲ ಅಕ್ಕ ಒಂದೊಂದೇ ಕೈಯನ್ನು ಎತ್ತಿ ಹಿಂದಕ್ಕೆ ಇಟ್ಟುಕೊಳ್ಳುತ್ತ ಹೋದಳು.