ಮೋಡದೊಳಗಿನ ಎಮ್ಮೆ

ಮೂಡಣ ಗಡಿಯ ಹಿಮದೂರು ಸಾರಿಕಾಮಿಶ್‌ನ ಸೈನಿಕ ಪಾಳೆಯದ ಗೇಟಿನ ಮೇಲೆ ಕೆಂಪು ಅಕ್ಷರದಲ್ಲಿ 'ಫೋಟೊ ತೆಗೆಯುವುದು ನಿಷಿದ್ಧ' ಎಂದು ಬರೆದಿತ್ತು. ಆ ಬೋರ್ಡಿನಿಂದ ಕೂಗಳತೆಯ ದೂರದಲ್ಲಿ, ಅಡುಗೆಮನೆಗೂ ಬೂಟಿನ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡ ಕೋಣೆಯೊಂದರಲ್ಲಿ, ಸೆರ್ವೆತ್ ಬೆಳಗಿನಿಂದ ಸಂಜೆಯವರೆಗೆ ಫೋಟೊ ತೆಗೆಯುವುದು ಬಿಟ್ಟರೆ ಬೇರೆ ಕೆಲಸವನ್ನೇ ಮಾಡುತ್ತಿರಲಿಲ್ಲ. ಸೈನ್ಯವೆಂದರೆ ಹಾಗೇ. ಬೋರ್ಡು ಹಾಕಿಸಿದವರೇ ಮೀಸೆ ತೀಡಿಕೊಂಡು ಸಾಲಿನಲ್ಲಿ ಮೊದಲು ಬಂದು ನಿಲ್ಲುತ್ತಿದ್ದರು.

ಕಡ್ಡಾಯ ಸೇವೆಗೆ ಬಂದ ಮೊದಲ ದಿನ, "ಹೊರಗೆ ಏನು ಮಾಡ್ಕೊಂಡಿದ್ದೆ?" ಎಂದು ಕೇಳಿದಾಗ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಐವಾಲಿಕ್‌ನಲ್ಲಿ ನಮ್ಮ ಸೋದರಮಾವಂದು ಸ್ಟುಡಿಯೊ..." ಎಂದು ಶುರುಮಾಡಿದ್ದಷ್ಟೇ. ಮಿಕ್ಕವರ ಕೈಗೆ ಬಂದೂಕು ಬಂತು, ಇವನ ಕೈಗೆ ಸರ್ಕಾರಿ ಕ್ಯಾಮೆರಾ. ಪುಣ್ಯವಂತ ಎಂದರು ಎಲ್ಲರೂ. ಪುಣ್ಯವಂತನಂತೆ! ಬಂದೂಕಿನವನು ರಜೆ ಹೋದರೆ ಅವನ ಜಾಗಕ್ಕೆ ಇನ್ನೊಬ್ಬ ಬಂದೂಕಿನವನು ಸಿಗುತ್ತಾನೆ. ಇಡೀ ಪಾಳೆಯಕ್ಕೆ ಫೋಟೊದವನು ಒಬ್ಬನೇ.

ಕೋಣೆಯ ಗೋಡೆಗೆ ಒಂದು ಪರದೆ. ಅದರಲ್ಲಿ ಖರ್ಜೂರದ ಮರ, ಸಮುದ್ರ. ಹಿಂದೆ ಯಾವನೋ ಒಳನಾಡಿನ ಸಿಪಾಯಿ ಬರೆದು ಹೋಗಿದ್ದ. ಸಮುದ್ರ ಕಾಣದ ಪುಣ್ಯಾತ್ಮ ಅಲೆಗಳನ್ನು ಉತ್ತ ಹೊಲದ ಸಾಲಿನಂತೆ ಎಳೆದಿದ್ದ. ಐವಾಲಿಕ್‌ನ ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದ ಸೆರ್ವೆತ್‌ಗೆ ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಹೊರಗೆ ಮಂಡಿಯುದ್ದ ಹಿಮ, ಒಳಗೆ ಖರ್ಜೂರದ ಮರ. ಅದರ ಮುಂದೆ ಸಿಪಾಯಿ ಎದೆ ಉಬ್ಬಿಸಿ ನಿಲ್ಲಬೇಕು. ಅವನ ತಲೆಯ ಮೇಲೆ ಒಂದು ಮೋಡ ಬರಬೇಕು. ಮೋಡದೊಳಗೆ ಅವನ ಹುಡುಗಿಯ ಮುಖ ಇರಬೇಕು. ಮೋಡವಿಲ್ಲದ ಫೋಟೊವನ್ನು ಊರಿಗೆ ಕಳಿಸಿದರೆ ಮರ್ಯಾದೆ ಇರಲಿಲ್ಲ. ಅದಕ್ಕೇ ಎಲ್ಲರೂ ಹುಡುಗಿಯ ಫೋಟೊ ತಂದು ಇವನ ಕೈಗೆ ಕೊಡುತ್ತಿದ್ದರು.

ಊರೂರ ಹುಡುಗಿಯರನ್ನೆಲ್ಲ ಮೋಡಕ್ಕೆ ಏರಿಸಿದ ಸೆರ್ವೆತ್ ಹತ್ತಿರ ತಾನು ಮದುವೆಯಾಗಲಿದ್ದ ನೆರಿಮಾನಳ ಒಂದು ಫೋಟೊವೂ ಇರಲಿಲ್ಲ. ಅವಳ ಅಪ್ಪ, ದೋಣಿಯ ಹಾಲಿತ್, ಮಗಳನ್ನು ಕ್ಯಾಮೆರಾ ಮುಂದೆ ನಿಲ್ಲಿಸಲು ಒಪ್ಪಿದವನೇ ಅಲ್ಲ. ನಿಶ್ಚಯದ ದಿನವೇ ಅವನು ಎಲ್ಲರೆದುರು ಹೇಳಿಬಿಟ್ಟಿದ್ದ: "ಕುರ್ಬಾನ್ ಹಬ್ಬಕ್ಕೆ ಗಂಡಿನ ಕಡೆಯೋರು ಟಗರು ಕಳಿಸ್ತೀರಿ, ಗೊತ್ತು. ಟಗರು ನನ್ ಹತ್ರಾನೂ ಇದೆ. ನಂಗೆ ಬೇಕಾಗಿರೋದು ಅಳಿಯನ ಮುಖ. ಹಬ್ಬದ ದಿನ ನನ್ ಬಾಗಿಲಲ್ಲಿ ಅವನ ಮುಖ ಕಾಣ್ಲಿಲ್ವೋ, ಉಂಗುರ ವಾಪಸ್." ಅವನ ದೊಡ್ಡ ಮಗಳನ್ನು ಒಪ್ಪಿದ್ದವನು ಸೈನ್ಯಕ್ಕೆ ಹೋದವನು ಅಲ್ಲಿಂದ ಹಾಗೇ ಜರ್ಮನಿಗೆ ಹಾರಿಹೋಗಿದ್ದ. ಆ ಸಿಟ್ಟು ಇವನ ಮೇಲೆ. ಯಾರದೋ ಪಾಪಕ್ಕೆ ಯಾರಿಗೋ ಶಿಕ್ಷೆ ಎಂದು ಸೆರ್ವೆತ್ ಹಲ್ಲು ಕಡಿದಿದ್ದ.

ಆ ವರ್ಷ ಹಬ್ಬ ಡಿಸೆಂಬರಿನಲ್ಲಿ ಬಿತ್ತು. ವಾರ ಮುಂಚೆ ಕ್ಯಾಪ್ಟನ್ ಕರೆದು, "ಎಲ್ಲರ ಹಬ್ಬದ ಫೋಟೊ ಮುಗಿಸಿ ಕೊಡು. ಮುಗಿದ ಕ್ಷಣಕ್ಕೆ ನಿನ್ನ ರಜೆ," ಎಂದ. ರಜಾಚೀಟಿಗೆ ಎದುರಿಗೇ ಸಹಿ ಹಾಕಿ ಮೇಜಿನ ಖಾನೆಗೆ ಸೇರಿಸಿದ. ಸೆರ್ವೆತ್‌ಗೆ ಇನ್ನೇನು ಬೇಕು? ಊಟ ಬಿಟ್ಟ, ಕ್ಷೌರ ಬಿಟ್ಟ, ಬಾಗಿಲು ಹಾಕಿಕೊಂಡು ಕೂತ.

ಆದರೆ ನೆಮ್ಮದಿಯಾಗಿ ಕೂರಲು ಬಿಡಬೇಕಲ್ಲ! ದೊಡ್ಡ ಸಾರ್ಜೆಂಟ್ ಶಾಕಿರ್ ಹೊಟ್ಟೆಯನ್ನು ಬೆಲ್ಟಿನೊಳಗೆ ತುರುಕಿಕೊಂಡು ಬಂದ. ಹೆಂಡತಿಯ ಫೋಟೊ ಕೊಟ್ಟು, "ಮೂಗು ಸ್ವಲ್ಪ ಸಣ್ಣ ಮಾಡೋ ಮಗನೇ," ಎಂದ.

"ಕಮಾಂಡರೇ, ಅದು ಆಗಲ್ಲ." ಮೇಲಿನವರು ಯಾರೇ ಆದರೂ ಸಿಪಾಯಿಗೆ ಕಮಾಂಡರೇ.

"ಯಾಕಾಗಲ್ಲ? ಸೈನ್ಯದಲ್ಲಿ ಆಗಲ್ಲ ಅನ್ನೋ ಮಾತೇ ಇಲ್ಲ."

ಅವನ ಹಿಂದೆಯೇ ಅಡುಗೆಮನೆಯ ಇದ್ರಿಸ್ ಕೈಯೊರೆಸಿಕೊಂಡು ಬಂದು ಮಡಿಕೆ ಬಿದ್ದ ಒಂದು ಫೋಟೊ ಚಾಚಿದ. ನೋಡಿದರೆ ಎಮ್ಮೆ.

"ಏನೋ ಇದು?"

"ಸುಂಬುಲ್ ಅಂತ. ಅಪ್ಪ ಇಲ್ಲ, ಅಮ್ಮ ಇಲ್ಲ, ಹುಡುಗಿ ಯಾರೂ ನಿಶ್ಚಯ ಆಗಿಲ್ಲ. ಮನೇಲಿ ನಂಗೆ ಅಂತ ಇರೋಳು ಇವಳೊಬ್ಬಳೇ ಅಣ್ಣ. ಚಿಕ್ಕಪ್ಪ ನೋಡ್ಕೋತಿದಾನೆ, ಅವನಿಗೆ ಕಳಿಸ್ಬೇಕು. ಹಾಕ್ತೀಯಾ?"

"ಹಾಕ್ತೀನಿ ಮಾರಾಯ, ಎಮ್ಮೇನೂ ಹಾಕ್ತೀನಿ, ಕೋಳೀನೂ ಹಾಕ್ತೀನಿ. ಆಚೆ ಹೋಗು ಮೊದಲು!"

ಕೆಲಸ ಇದ್ದದ್ದು ಹೀಗೆ: ಕತ್ತಲೆ ಕೋಣೆಯಲ್ಲಿ ಒಂದೊಂದು ಕಾಗದದ ಮೇಲೂ ಮೊದಲು ಸಿಪಾಯಿಯನ್ನು ಇಳಿಸಬೇಕು, ಮೋಡದ ಜಾಗ ಖಾಲಿ ಬಿಡಬೇಕು. ಆಮೇಲೆ ಅದೇ ಕ್ರಮದಲ್ಲಿ ಹುಡುಗಿಯರನ್ನು ಮೋಡಕ್ಕೆ ಇಳಿಸುತ್ತ ಬರಬೇಕು. ಕಾಗದವನ್ನು ರಸಾಯನದಲ್ಲಿ ಅದ್ದುವವರೆಗೆ ಏನೂ ಕಾಣುವುದಿಲ್ಲ, ಎಲ್ಲ ಬರೀ ಬಿಳಿ. ಬಸ್ಸಿನ ಹೊತ್ತಾಗಿತ್ತು. ಆ ಅವಸರದಲ್ಲಿ ಎರಡು ಕಾಗದ ಒಂದಕ್ಕೊಂದು ಅಂಟಿಕೊಂಡದ್ದು ಅವನ ಕೈಗೆ ತಿಳಿಯಲಿಲ್ಲ. ಅಲ್ಲಿಂದ ಮುಂದಿನ ಹುಡುಗಿಯರೆಲ್ಲ ಪಕ್ಕದ ಸಿಪಾಯಿಯ ಮೋಡಕ್ಕೆ ಜರುಗಿದರು. ಅದ್ದುವಾಗ ಅವನು ನೋಡಿದ್ದು ಕಪ್ಪು ಸರಿಯಾಗಿ ಬಂತೋ ಇಲ್ಲವೋ ಅಷ್ಟೇ, ಮುಖ ನೋಡಲಿಲ್ಲ. ಒಣಗಿದ್ದೇ ತಡ ಗುಮಾಸ್ತನ ಕೈಗೆ ಕೊಟ್ಟು, ಕ್ಯಾಪ್ಟನ್‌ನಿಂದ ರಜಾಚೀಟಿ ಇಸಿದುಕೊಂಡು, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

ಗೇಟಿನಲ್ಲಿ ಟೆಕಿನ್ ಸಿಕ್ಕಿದ. ಐವಾಲಿಕ್‌ನವನೇ, ಜೀಪಿನ ಡ್ರೈವರ್. ಯಾರನ್ನು ಹಿಡಿದನೋ, ಪ್ರತಿ ಹಬ್ಬಕ್ಕೂ ರಜೆ ಗಿಟ್ಟಿಸುವ ಆಸಾಮಿ. "ಬಾರೋ ನಮ್ಮೂರೋನೇ, ಕಿಟಕಿ ಸೀಟು ನಂದು," ಎಂದ. ಅಷ್ಟರಲ್ಲಿ ಹಿಂದಿನಿಂದ ಕೋಣ ಕೂಗಿದಂತೆ ಒಂದು ಕೂಗು ಕೇಳಿತು.

"ಸೆರ್ವೆತ್!"

ಕ್ಯಾಂಟೀನಿನಲ್ಲಿ ಶಾಕಿರ್, ಹಿಂಬದಿಗೆ 'ನನ್ನ ಜೀವದ ಜೀವಕ್ಕೆ' ಎಂದು ಬರೆಯಲು ಪೆನ್ನು ಬಿಚ್ಚಿಕೊಂಡು, ಎಲ್ಲರಿಗೂ ಕಾಣುವಂತೆ ಫೋಟೊ ಎತ್ತಿ ಹಿಡಿದಿದ್ದನಂತೆ. ಖರ್ಜೂರದ ಮರದ ಕೆಳಗೆ ಅವನು. ಮೇಲೆ ಮೋಡದಲ್ಲಿ, ಕೋಡು ಬಾಗಿಸಿಕೊಂಡು, ಪ್ರೀತಿಯಿಂದ ಕೆಳಗೆ ನೋಡುತ್ತಿರುವ ಸುಂಬುಲ್. ಉಳಿದವರೂ ಲಕೋಟೆ ಹರಿದರು. "ಲೇ, ನನ್ ಗುಲ್‌ಸೂಮ್ ನಿನ್ ತಲೆ ಮೇಲೆ ಯಾಕೋ ಕೂತಿದಾಳೆ?" "ಮೊದ್ಲು ನನ್ ಹುಡುಗೀನ ಕೊಡೋ ಕಳ್ಳ!" ಸೆರ್ವೆತ್ ಒಳಗೆ ಬರುವ ಹೊತ್ತಿಗೆ ಇಬ್ಬರು ಕಾಲರ್ ಹಿಡಿದಾಗಿತ್ತು. ಮಿಕ್ಕವರು ಹೊಟ್ಟೆ ಹಿಡಿದು ನಗುತ್ತಿದ್ದರು, ಶಾಕಿರ್ ಕುದಿಯುತ್ತಿದ್ದ. ಇದ್ರಿಸ್ ಮಾತ್ರ ಮೂಲೆಯಲ್ಲಿ ತನ್ನ ಫೋಟೊ ಹಿಡಿದುಕೊಂಡು, "ಇದ್ಯಾರೋ ಅಕ್ಕ ಬಂದ್ಬಿಟ್ಟಿದಾರೆ, ನನ್ ಸುಂಬುಲ್ ಎಲ್ಲಿ?" ಎಂದು ಹುಡುಕುತ್ತಿದ್ದ.

ಗಲಾಟೆ ಕೇಳಿ ಬಂದ ಕ್ಯಾಪ್ಟನ್ ಸೆರ್ವೆತ್‌ನ ಕೈಯಿಂದ ರಜಾಚೀಟಿ ಇಸಿದುಕೊಂಡು ಎರಡಾಗಿ ಹರಿದ.

"ಕಮಾಂಡರೇ, ನನ್ನ ಮದುವೆ ಮುರಿದುಹೋಗತ್ತೆ!"

"ಇಷ್ಟು ಜನರ ಮದುವೆ ಮುರಿಯೋಕೆ ಹೊರಟಿದ್ಯಲ್ಲ, ಅದನ್ನ ಮೊದ್ಲು ಸರಿಮಾಡು. ಹಬ್ಬ ಇಲ್ಲೇ."

ಸೆರ್ವೆತ್ ಕೋಣೆಗೆ ಬಂದು ಚೀಲವನ್ನು ಗೋಡೆಗೆ ಒಗೆದ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹಬ್ಬವೆಂದು ಊರಿಗೆ ಊರೇ ಬಾಗಿಲು ತೆರೆದಿರುತ್ತದೆ, ತಾನು ಮಾತ್ರ ಈ ಹಾಳು ಖರ್ಜೂರದ ಮರದ ಕೆಳಗೆ ಎಮ್ಮೆ ಸರಿಪಡಿಸುತ್ತ ಕೂರಬೇಕು! ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು, ತಾನೇ ಕ್ಲಿಕ್ಕಾಗುವ ಅದರ ಗಡಿಯಾರ ತಿರುಗಿಸಿ, ಓಡಿಹೋಗಿ ಪರದೆಯ ಮುಂದೆ ನಿಂತ. ಎದೆ ಉಬ್ಬಿಸಲಿಲ್ಲ, ನಗಲಿಲ್ಲ. ತಲೆಯ ಮೇಲೆ ಮೋಡ ಇಳಿಸಿದ. ಅದರೊಳಗೆ ಹಾಕಲು ಅವನ ಹತ್ತಿರ ಯಾರಿದ್ದರು? ಖಾಲಿ ಬಿಟ್ಟ. ಗೇಟಿಗೆ ಓಡಿ, ಹಿಮದಿಂದ ತಡವಾದ ಬಸ್ಸಿಗೆ ಇನ್ನೂ ಕಾಯುತ್ತಿದ್ದ ಟೆಕಿನ್‌ನ ಕೈಗೆ ಹಸಿಯಿದ್ದ ಫೋಟೊ ತುರುಕಿದ.

"ನಮ್ ಸ್ಟುಡಿಯೊ ಮಾವನಿಗೆ ಕೊಡು. ಟಗರನ್ನ ನೀವೇ ಕಡಿದು ತಿಂದ್ಬಿಡಿ ಅಂತ ಹೇಳು. ಆ ಹಾಲಿತ್ ಉಂಗುರಾನ ಸಮುದ್ರಕ್ಕೆ ಹಾಕ್ಲಿ."

"ಪೂರ್ತಿ ಹೇಳ್ಲಾ, ಸ್ವಲ್ಪ ಬಿಟ್ಟು ಹೇಳ್ಲಾ?"

"ಹೋಗೋ ಲೇ!"

ಹಬ್ಬದ ಬೆಳಿಗ್ಗೆ ಮೈದಾನದಲ್ಲಿ ಎಲ್ಲರೂ ಅಪ್ಪಿಕೊಂಡು ಶುಭಾಶಯ ಹೇಳಿದರು. ಕೈಕೈಗೆ ಮಿಠಾಯಿ ಬಂತು. ಸೆರ್ವೆತ್ ಅದನ್ನು ಜೇಬಿಗೆ ಹಾಕಿಕೊಂಡು ಮತ್ತೆ ಕತ್ತಲೆ ಕೋಣೆ ಸೇರಿದ. ಒಬ್ಬೊಬ್ಬ ಹುಡುಗಿಯನ್ನೂ ಅವಳವಳ ಗಂಡಿನ ತಲೆಯ ಮೇಲೆ ಕೂರಿಸುತ್ತ ಹೋದ. ಈ ಹೊತ್ತಿಗೆ ಹಾಲಿತ್ ಬಾಗಿಲಿಗೆ ಬಂದಿರುತ್ತಾನೆ, ಬೀದಿ ನೋಡಿರುತ್ತಾನೆ, ಒಳಗೆ ಹೋಗಿರುತ್ತಾನೆ. ಅದೇ ಯೋಚನೆ ಮತ್ತೆ ಮತ್ತೆ ಬರುತ್ತಿತ್ತು.

ರಜೆ ಮುಗಿಸಿ ಬಂದ ಟೆಕಿನ್ ನೇರ ಕೋಣೆಗೇ ನುಗ್ಗಿದ. ಕೆನ್ನೆ ಎರಡೂ ತುಂಬಿಕೊಂಡಿದ್ದವು, ಹಾಳಾದವನು ಚೆನ್ನಾಗಿ ತಿಂದಿದ್ದ.

"ಹೇಳು. ಉಂಗುರ ಕೊಟ್ರಾ?"

"ತಡಿಯೋ. ನಿಮ್ಮಮ್ಮ ಟಗರಿಗೆ ಮದರಂಗಿ ಬಳಿದು ಹಗ್ಗ ಹಿಡ್ಕೊಂಡು ಬಂದ್ರು. ಹಿಂದೆ ನಿಮ್ ಮಾವ ಕ್ಯಾಮೆರಾ ಹೊತ್ಕೊಂಡು. ಹಾಲಿತ್ ಬಾಗಿಲಲ್ಲೇ ಅಡ್ಡ ನಿಂತ. 'ಮುಖ ಎಲ್ಲಿ?' ಅಂದ. ನಿಮ್ ಮಾವ ನಿನ್ ಫೋಟೊ ಕೊಟ್ಟ. ಅವನು ನೋಡ್ದ, ತಿರುಗಿಸಿ ನೋಡ್ದ. 'ಈ ಮೋಡ ಯಾಕೆ ಖಾಲಿ?' ಅಂದ. ನಿಮ್ ಮಾವ, 'ಅದರೊಳಗೆ ಹಾಕೋ ಮುಖಾನ ನೀನು ಕೊಟ್ರೆ ತಾನೇ!' ಅಂದ್ಬಿಟ್ಟ. ನಾವೆಲ್ಲ ಇವತ್ತು ಹೊಡೆದಾಟ ಗ್ಯಾರಂಟಿ ಅನ್ಕೊಂಡ್ವಿ."

"ಆಮೇಲೆ?"

"ಆಮೇಲೆ ಏನು! ಫೋಟೊನ ನಿಮ್ ಮಾವನಿಗೇ ವಾಪಸ್ ಕೊಟ್ಟ. ಆಮೇಲೆ ಒಳಗೆ ತಿರುಗಿ, 'ನೆರಿಮಾನ್, ಬಾರಮ್ಮ ಇಲ್ಲಿ, ಬಾಗಿಲಲ್ಲಿ ನಿಂತ್ಕೊ,' ಅಂದ." ಟೆಕಿನ್ ಕೋಟಿನಿಂದ ಫೋಟೊ ತೆಗೆದುಕೊಟ್ಟ.

ಹಾಲಿತ್‌ನ ಮನೆಯ ಮುಂದೆ ರಿಬ್ಬನ್ ಕಟ್ಟಿದ ಟಗರು. ಹಗ್ಗ ಹಿಡಿದ ಅಮ್ಮ. ಟಗರಿನ ಬೆನ್ನಿಗೆ ಕೈಯಿಟ್ಟು ಬಿಗಿದುಕೊಂಡು ನಿಂತ ಹಾಲಿತ್. ಬಾಗಿಲ ಚೌಕಟ್ಟಿನಲ್ಲಿ, ಬೇಳೆಕಾಳಿನಷ್ಟೇ ದೊಡ್ಡದಾಗಿ, ನೆರಿಮಾನಳ ಮುಖ. ಎಲ್ಲರ ತಲೆಯ ಮೇಲೆ, ಟಗರಿಗೆ ನೇರವಾಗಿ, ಒಂದು ಮೋಡ. ಅದರೊಳಗೆ ಸೈನಿಕ ಟೋಪಿ ಹಾಕಿಕೊಂಡು ಮುಖ ಗಂಟಿಕ್ಕಿದ ಸೆರ್ವೆತ್.

"ಥೂ, ಕಿವಿ ಕತ್ತರಿಸಿಬಿಟ್ಟಿದಾನೆ ಮಾವ," ಎಂದ ಸೆರ್ವೆತ್. "ಬೆಳಕು ನೋಡು, ಇವರಿಗೆಲ್ಲ ಎಡಗಡೆಯಿಂದ ಬಿದ್ದಿದೆ, ನಂಗೆ ಬಲಗಡೆಯಿಂದ. ಅಂಚು ಕಾಣ್ತಿದೆ. ಇಷ್ಟು ವರ್ಷ ಸ್ಟುಡಿಯೊ ನಡೆಸಿ..." ತೋಳಿನಿಂದ ಕಣ್ಣೊರೆಸಿಕೊಂಡ. ಟೆಕಿನ್ ಬೇರೆ ಕಡೆ ನೋಡುತ್ತ ಖರ್ಜೂರದ ಮರವನ್ನು ಪರೀಕ್ಷಿಸತೊಡಗಿದ.

ಬಾಗಿಲು ದಬದಬ ಬಡಿಯಿತು. "ತೆಗಿಯೋ! ಮೂಗು ಇನ್ನೂ ಹಾಗೇ ಇದೆ!" ಎಂದು ಶಾಕಿರ್ ಹೊರಗಿನಿಂದ ಕೂಗಿದ.

ಸೆರ್ವೆತ್ ಬೇಳೆಕಾಳಿನಷ್ಟಿದ್ದ ಆ ಮುಖವನ್ನು ಬೆಳಕಿಗೆ ಹಿಡಿದು, ಒಳಗಿನಿಂದ ಚಿಲಕ ಹಾಕಿದ.

"ಇವತ್ತು ರಜೆ, ಕಮಾಂಡರೇ!"